ದೋಣಿಯ ಕಿವಿ

1912ರಲ್ಲಿ ಟೈಟಾನಿಕ್ ಮುಳುಗಿತು. 1914ರಲ್ಲಿ ಫೆಸೆಂಡೆನ್ ಎಂಬ ವಿಜ್ಞಾನಿ ಮರುದನಿಯಿಂದಲೇ ಹಿಮಬಂಡೆಯನ್ನು ಪತ್ತೆಹಚ್ಚಿ ತೋರಿಸಿದನು. ಅದೇ ತತ್ತ್ವದ ಸೋನಾರ್ ಈಗ ಸಣ್ಣ ದೋಣಿಗೂ ಬಂದಿದೆ. ಅದರ ‘ಟ್ರಾನ್ಸ್‌ಡ್ಯೂಸರ್’ ಎಂಬ ಬಿಲ್ಲೆಯು ಶಬ್ದವನ್ನು ಕೆಳಗೆ ಕಳುಹಿಸಿ ಮರುದನಿಯನ್ನು ಆಲಿಸುತ್ತದೆ. ಕಡಲ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರು. ಹೋಗಿಬರಲು ಸೆಕೆಂಡಿನ ಐವತ್ತರಲ್ಲೊಂದು ಪಾಲು ಹಿಡಿದರೆ ಆಳವು 15 ಮೀಟರು.

ಇದಕ್ಕಾಗಿ ದೋಣಿಯ ತಳವನ್ನು ಕೊರೆಯಲೇಬೇಕೆ? ಗಟ್ಟಿಯಾದ ಫೈಬರ್‌ಗ್ಲಾಸ್ ತಳವಾದರೆ ಬೇಕಿಲ್ಲ. ಕೊಂಚ ಬಲಗುಂದಿದರೂ ಶಬ್ದವು ಅದನ್ನು ದಾಟಬಲ್ಲುದು. ಬಿಲ್ಲೆಯನ್ನು ಒಳಗಿನಿಂದಲೇ ಎಪಾಕ್ಸಿ ಅಂಟಿನಲ್ಲಿ ಕೂರಿಸಬಹುದು. ಮರದ ತಳಕ್ಕೂ, ನಡುವೆ ಫೋಮ್ ತುಂಬಿದ ತಳಕ್ಕೂ ಈ ಉಪಾಯ ಒಗ್ಗದು. ಅವುಗಳ ಒಡಲಲ್ಲಿ ಗಾಳಿ ಅಡಗಿದೆ. ಅಂಟಿನಲ್ಲಿ ಗಾಳಿಯ ಗುಳ್ಳೆ ಉಳಿದರೂ ಶಬ್ದವು ಅಲ್ಲಿಂದಲೇ ಹಿಂದಿರುಗಿ, ಯಂತ್ರವು ಕಿವುಡಾಗುತ್ತದೆ.

ಆದುದರಿಂದ ಅಂಟಿಸುವ ಮುನ್ನ, ದೋಣಿ ನೀರಿನಲ್ಲಿ ತೇಲುತ್ತಿರುವಾಗ, ನೀರು ತುಂಬಿದ ತೆಳು ಪ್ಲಾಸ್ಟಿಕ್ ಚೀಲದಲ್ಲಿ ಬಿಲ್ಲೆಯನ್ನಿರಿಸಿ, ಒಳಗಿನಿಂದ ತಳಕ್ಕೆ ಒತ್ತಿ ಪರೀಕ್ಷಿಸಬೇಕು. ಗುಂಡು ಕಟ್ಟಿದ ಹಗ್ಗವನ್ನು ಇಳಿಸಿ ಆಳವನ್ನು ತಾಳೆ ನೋಡಬೇಕು. ಅಳಿವೆಯ ಬಾಯಲ್ಲಿ ಮರಳದಿಣ್ಣೆ ಜಾಗ ಬದಲಿಸುವ ನಮ್ಮ ಕರಾವಳಿಯಲ್ಲಿ, ದೋಣಿಯನ್ನೇ ನಂಬಿದ ಮನೆಗೆ ಆ ಒಂದು ಗುಳ್ಳೆ ಸಣ್ಣದಲ್ಲ.