ಪೋಡಿಗೆ ಟವರೋ, ಡಿಶ್ಶೋ?

2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಎಜುಸ್ಯಾಟ್ ಮೇಲೇರಿತು. ಪಾಠ ಹೇಳಲೆಂದೇ ಭಾರತ ಹಾರಿಸಿದ ಮೊದಲ ಉಪಗ್ರಹ ಅದು. ಕರ್ನಾಟಕದ ಪ್ರಾಥಮಿಕ ಶಾಲೆಗಳಲ್ಲಿ ಅದನ್ನು ಪ್ರಯೋಗ ಮಾಡಿ ನೋಡಲು ಆರಿಸಿಕೊಂಡದ್ದು ನಮ್ಮ ಚಾಮರಾಜನಗರ ಜಿಲ್ಲೆಯನ್ನು. ಜಿಲ್ಲೆಯ 800ಕ್ಕೂ ಹೆಚ್ಚು ಶಾಲೆಗಳನ್ನು ಡಿಶ್ಶು, ಟಿ.ವಿ.ಗಳ ಮೂಲಕ ಉಪಗ್ರಹದ ಜಾಲಕ್ಕೆ ಸೇರಿಸುವ ಯೋಜನೆ ಅದು. ಪಾಠ ಮೇಲಿನಿಂದ ಇಳಿದು ಬರುತ್ತಿತ್ತು. ಶಾಲೆಯಿಂದ ಮೇಲಕ್ಕೆ ಏನನ್ನೂ ಕಳಿಸಲು ಆ ಡಿಶ್ಶಿಗೆ ಬರುತ್ತಿರಲಿಲ್ಲ. 2010ರಲ್ಲಿ ಉಪಗ್ರಹದ ಕೆಲಸ ಮುಗಿಯಿತು.

ಇಪ್ಪತ್ತು ವರ್ಷಗಳ ಮೇಲೆ ಆಕಾಶದ ಮಾತು ಮತ್ತೆ ನಮ್ಮ ಕಡೆ ಬಂದಿದೆ. 2025ರ ಜೂನ್‌ನಲ್ಲಿ, ಉಪಗ್ರಹದಿಂದ ಇಂಟರ್‌ನೆಟ್ ಕೊಡುವ ಸ್ಟಾರ್‌ಲಿಂಕ್ ಕಂಪನಿಗೆ ಕೇಂದ್ರದ ದೂರಸಂಪರ್ಕ ಇಲಾಖೆ ಪರವಾನಗಿ ಕೊಟ್ಟಿತು. ಒನ್‌ವೆಬ್‌ಗೂ ಜಿಯೋದ ಉಪಗ್ರಹ ಕಂಪನಿಗೂ ಅದಕ್ಕೆ ಮೊದಲೇ ಸಿಕ್ಕಿತ್ತು. ಮಲೆ ಮಹದೇಶ್ವರ ಬೆಟ್ಟದ ಕಾಡೊಳಗಿನ ಊರುಗಳಿಗೆ, ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರ ಊರುಗಳಾದ ಪೋಡುಗಳಿಗೆ ಇದು ವರವೋ, ಹೊಸದೊಂದು ನೆಪವೋ ಎಂಬುದನ್ನು ಈಗಲೇ ತೂಗಿ ನೋಡಬೇಕು.

ಪರವಾದ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬೆಟ್ಟದ ಮೇಲಿನ ಊರುಗಳಿಂದ ರೋಗಿಗಳನ್ನು, ಬಸುರಿಯರನ್ನು ಡೋಲಿ ಕಟ್ಟಿ ಹೊತ್ತು ತಂದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. 108ಕ್ಕೆ ಕರೆ ಮಾಡಬೇಕಾದರೂ ಮೊದಲು ಸಿಗ್ನಲ್ ಸಿಗಬೇಕು. ಪಡಿತರಕ್ಕೆ ಹೆಬ್ಬೆಟ್ಟು ಒತ್ತುವ ಯಂತ್ರಕ್ಕೂ ನೆಟ್‌ವರ್ಕ್ ಬೇಕು. 2023ರ ಜನವರಿಯಿಂದ ಉದ್ಯೋಗ ಖಾತರಿಯ ಹಾಜರಿಯನ್ನು ಆ್ಯಪಿನಲ್ಲಿ, ದಿನಕ್ಕೆ ಎರಡು ಸಲ ಫೋಟೊ ತೆಗೆದು, ಹಾಕಬೇಕೆಂದು ಕಡ್ಡಾಯ ಮಾಡಿದರು. ಅಂದರೆ ಸಿಗ್ನಲ್ ಇಲ್ಲದ ಊರು ಫೋನಿಗೆ ಮಾತ್ರ ಹೊರಗಾಗಲಿಲ್ಲ, ಕೂಲಿಗೂ ಅಕ್ಕಿಗೂ ಹೊರಗಾಗುವ ಸ್ಥಿತಿ ಬಂತು. ಟವರ್ ಹಾಕೋಣವೆಂದರೆ ಮಹದೇಶ್ವರ ಬೆಟ್ಟ 2013ರಿಂದ ವನ್ಯಜೀವಿಧಾಮ, ಬಿಳಿಗಿರಿ 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಜಾಗ, ಕರೆಂಟು, ಕೇಬಲ್, ರಸ್ತೆ ಎಲ್ಲಕ್ಕೂ ಕಡತ ಓಡಾಡಬೇಕು. ಡಿಶ್ಶಿಗೆ ಇಷ್ಟೆಲ್ಲ ಕಡತ ಬೇಡ. ಎಜುಸ್ಯಾಟ್ ಇದ್ದದ್ದು ಸುಮಾರು 36,000 ಕಿ.ಮೀ. ಎತ್ತರದಲ್ಲಿ, ಸ್ಟಾರ್‌ಲಿಂಕ್‌ನವು ಸುಮಾರು 550 ಕಿ.ಮೀ. ಎತ್ತರದಲ್ಲಿ. ಹಾಗಾಗಿ ಮಾತು ಹೋಗಿ ಮಾರುತ್ತರ ಬರಲು ತಡವಾಗುವುದಿಲ್ಲ. ಆರೋಗ್ಯ ಉಪಕೇಂದ್ರದಲ್ಲಿ ಕೂತ ನರ್ಸಮ್ಮ ಕೊಳ್ಳೇಗಾಲದ ಡಾಕ್ಟರಿಗೆ ಗಾಯವನ್ನು ತೋರಿಸಿಯೇ ಮಾತಾಡಬಹುದು.

ಇನ್ನು ಎದುರು ಪಕ್ಷ. ನೆರೆಯ ಬಾಂಗ್ಲಾದೇಶದಲ್ಲಿ 2025ರ ಮೇ ತಿಂಗಳಲ್ಲಿ ಸ್ಟಾರ್‌ಲಿಂಕ್ ಶುರುವಾದಾಗ ಡಿಶ್ಶಿನ ಪೆಟ್ಟಿಗೆಗೆ 47,000 ಟಾಕಾ, ತಿಂಗಳಿಗೆ ಕಡಿಮೆಯೆಂದರೂ 4,200 ಟಾಕಾ ಇತ್ತು. ನಮ್ಮ ಲೆಕ್ಕದಲ್ಲಿ ತಿಂಗಳಿಗೆ ಮೂರು ಸಾವಿರ ರೂಪಾಯಿಯ ಹತ್ತಿರ. ಜೇನು, ನೆಲ್ಲಿಕಾಯಿ, ಪಾಚಿ ನಂಬಿದ ಮನೆ ಅದನ್ನು ಕಟ್ಟಲಾರದು. ಡಿಶ್ಶಿಗೆ ತೆರೆದ ಆಕಾಶವೂ ಬೇಕು. ಮರದ ಮರೆ ಬಂದರೆ ಸಂಪರ್ಕ ಕಡಿದುಹೋಗುತ್ತದೆ, ಜೋರು ಮಳೆಯಲ್ಲಿ ಕುಗ್ಗುತ್ತದೆ. ಬಿಡದೆ ಕರೆಂಟು ಬೇಕು; ಒಂದೆರಡು ಬಲ್ಬು ಉರಿಸುವ ಸೋಲಾರ್ ಅದಕ್ಕೆ ಸಾಲದು. ಯಜಮಾನಿಕೆಯ ಪ್ರಶ್ನೆಯೂ ಇದೆ. 2025ರ ಜುಲೈ 24ರಂದು ಸ್ಟಾರ್‌ಲಿಂಕ್ ಜಗತ್ತಿನಾದ್ಯಂತ ಎರಡೂವರೆ ಗಂಟೆಯಷ್ಟು ನಿಂತುಹೋಯಿತು. ಆಸ್ಪತ್ರೆಗೆ ಕರೆ ಹೋಗುವ ದಾರಿಯ ಬೀಗದ ಕೈ ಬೇರೆ ದೇಶದ ಒಂದೇ ಕಂಪನಿಯ ಬಳಿ ಇರುವುದು ನನಗೂ ಹಿತವೆನಿಸುವುದಿಲ್ಲ. ಸಿಗ್ನಲ್ ಬಂದರೆ ಹುಡುಗರು ದುಡ್ಡಿನ ಗೇಮಿಗೆ ಬೀಳುತ್ತಾರೆಂಬ ಆತಂಕವೂ ಕೇಳಿಬರುತ್ತದೆ. ಅದು ನಿಜವಾದ ಆತಂಕವೇ. ಆದರೆ ದುಡ್ಡಿನ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ನಿಷೇಧಿಸಿದೆ. ಅದಕ್ಕಾಗಿ ಪೋಡಿನ ಮಗುವಿಗೆ ಸಂಪರ್ಕವನ್ನೇ ತಪ್ಪಿಸುವುದು ನ್ಯಾಯವಲ್ಲ.

ನನ್ನನ್ನು ಹೆಚ್ಚು ಕಾಡುವುದು ಬೇರೆ. 2024ರ ಏಪ್ರಿಲ್ 26ರ ಲೋಕಸಭಾ ಚುನಾವಣೆಯ ದಿನ ಹನೂರು ತಾಲೂಕಿನ ಇಂಡಿಗನತ್ತದಲ್ಲಿ ಮತಯಂತ್ರ ಒಡೆದುಹೋಯಿತು. 29ರಂದು ಮರುಮತದಾನ ನಡೆಸಬೇಕಾಯಿತು. ಮತಗಟ್ಟೆಯ ಮೇಲೆ ಕೈಮಾಡಿದ್ದು ತಪ್ಪು. ಆದರೆ ಊರಿನವರು ಮತದಾನವನ್ನು ಬಹಿಷ್ಕರಿಸಲು ಹೊರಟದ್ದು ರಸ್ತೆ, ನೀರು, ಕರೆಂಟು ಇಲ್ಲವೆಂದು. ಉಪಗ್ರಹ ಡಾಕ್ಟರನ್ನು ಪರದೆಯ ಮೇಲೆ ತೋರಿಸಬಲ್ಲದು, ರೋಗಿಯನ್ನು ಬೆಟ್ಟದಿಂದ ಇಳಿಸಲಾರದು. ನಾಳೆ ಯಾರಾದರೂ ಡಿಶ್ಶಿನ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ರಸ್ತೆಯ ಕಡತವನ್ನು ಮುಚ್ಚಿಬಿಟ್ಟರೆ ಈ ವರ ಶಾಪವಾಗುತ್ತದೆ.

ಹಾಗಾದರೆ ಟವರೇ ಸಾಕೇ? ಟವರಿನ ಪರವಾಗಿ ಒಂದು ದೊಡ್ಡ ಮಾತಿದೆ: ಜನರ ಕೈಯಲ್ಲಿ ಈಗಾಗಲೇ ಇರುವ ಅಗ್ಗದ ಫೋನಿನ ಜೊತೆ ಅದು ನೇರವಾಗಿ ಮಾತಾಡುತ್ತದೆ. ಡಿಶ್ಶು ಮಾತಾಡುವುದು ತನ್ನ ಪೆಟ್ಟಿಗೆಯ ಜೊತೆ ಮಾತ್ರ; ಪೆಟ್ಟಿಗೆಯ ವೈಫೈ ಅಂಗಳ ದಾಟುವುದಿಲ್ಲ. ಜೇನು ಕೀಳಲು ಕಾಡಿಗೆ ಹೋದವನಿಗೆ ಆನೆ ಎದುರಾದರೆ ಶಾಲೆಯ ಡಿಶ್ಶು ಏನು ಮಾಡೀತು? ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ ಬಿಎಸ್‌ಎನ್‌ಎಲ್ ಮೂಲಕ 4ಜಿ ಕೊಡಲು ಕೇಂದ್ರ ಸಂಪುಟ 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಅರಣ್ಯ ಹಕ್ಕು ಕಾಯ್ದೆ 2006 ಕೂಡ ಕಾಡಿನವರನ್ನು ಮರೆತಿಲ್ಲ. ಗ್ರಾಮಸಭೆ ಶಿಫಾರಸು ಮಾಡಿದರೆ ಶಾಲೆ, ಅಂಗನವಾಡಿ, ರಸ್ತೆ, ವಿದ್ಯುತ್ ಮತ್ತು ದೂರಸಂಪರ್ಕ ತಂತಿಗಳಿಗೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿ ಬಳಸಬಹುದು, ಹೆಕ್ಟೇರಿಗೆ 75 ಮರ ಮೀರದಂತೆ. ಅಲ್ಲಿ ತಂತಿಯ ಹೆಸರಿದೆ, ಟವರಿನ ಹೆಸರಿಲ್ಲ. ಆ ಒಂದು ಪದದ ಸುತ್ತ ಕಚೇರಿಗಳಲ್ಲಿ ವರ್ಷಗಳೇ ಕಳೆಯಬಹುದು.

ಆದ್ದರಿಂದ ನನ್ನ ತೀರ್ಮಾನ ಹೀಗಿದೆ. ಮನೆಮನೆಗೆ ಡಿಶ್ಶು ಬೇಡ. ಶಾಲೆ, ಉಪಕೇಂದ್ರ, ನ್ಯಾಯಬೆಲೆ ಅಂಗಡಿ, ಈ ಮೂರಕ್ಕೆ ಸರ್ಕಾರದ ಖರ್ಚಿನಲ್ಲಿ ಈಗಲೇ ಬರಲಿ. ಅದರ ಜೊತೆಗೆ ಸಣ್ಣ ಟವರ್‌ಗಳನ್ನು ನಿಲ್ಲಿಸಿ, ಕೇಬಲ್ ಬರುವವರೆಗೆ ಅವಕ್ಕೆ ಉಪಗ್ರಹದಿಂದಲೇ ಸಂಪರ್ಕ ಕೊಡಲಿ. ಇದು ಹೊಸ ಉಪಾಯವೇನಲ್ಲ. 2020ರಲ್ಲಿ ಸಮುದ್ರದಡಿಯ ಕೇಬಲ್ ಬರುವವರೆಗೆ ಅಂಡಮಾನ್ ನಡೆದದ್ದು ಉಪಗ್ರಹದ ಆಸರೆಯಲ್ಲೇ. ಇದಕ್ಕೆ ವಿದೇಶಿ ಕಂಪನಿಯೇ ಬೇಕೆಂದೂ ಇಲ್ಲ. 2024ರ ನವೆಂಬರ್‌ನಲ್ಲಿ ಮೇಲೇರಿದ ನಮ್ಮದೇ ಜಿಸ್ಯಾಟ್-ಎನ್2 ಇಂಟರ್‌ನೆಟ್ಟಿಗೆಂದೇ ಮಾಡಿದ ಉಪಗ್ರಹ. ಎತ್ತರದಲ್ಲಿರುವುದರಿಂದ ಮಾತು ಅರೆಕ್ಷಣ ತಡವಾಗುತ್ತದೆ, ಅಷ್ಟೇ. ಪಡಿತರಕ್ಕೂ ಹಾಜರಿಗೂ ಅದು ತೊಡಕಲ್ಲ.

ಹನೂರು, ಯಳಂದೂರು ಕಡೆಯ ಕಾಡಂಚಿನ ಊರಿನವರಲ್ಲಿ ಒಂದು ಕೇಳಿಕೆ: ಮುಂದಿನ ಗ್ರಾಮಸಭೆಯಲ್ಲಿ ಸಂಪರ್ಕದ ಬೇಡಿಕೆಯನ್ನು ನಿರ್ಣಯವಾಗಿ ಬರೆಸಿ, ಪ್ರತಿಯನ್ನು ಕೈಗೆ ತೆಗೆದುಕೊಳ್ಳಿ. ಅದೇ ಹಾಳೆಯಲ್ಲಿ, ಅದಕ್ಕೂ ಮೇಲೆ, ರಸ್ತೆಯನ್ನೂ ಬರೆಸಿ.