ಯಂತ್ರದ ಪಂಚಾಂಗ

ಹಬ್ಬದ ಹಿಂದಿನ ದಿನ ಹಿಟ್ಟಿನ ಗಿರಣಿಯ ಮುಂದೆ ಡಬ್ಬಗಳ ಸಾಲು ಬೆಳೆಯುತ್ತದೆ. ಗಿರಣಿಯವನು ಯಾರನ್ನೂ ನಿರಾಶೆಗೊಳಿಸುವುದಿಲ್ಲ. ಎಲ್ಲರಿಗೂ "ಸಂಜೆಗೆ ಬನ್ನಿ" ಎಂಬ ಒಂದೇ ಅಭಯ. ಕಲ್ಲು ಸವೆದಿದೆ, ಮಧ್ಯಾಹ್ನ ಅದನ್ನು ಬಿಚ್ಚಿ ಉಳಿಯಿಂದ ಕಚ್ಚು ಹಾಕಬೇಕು ಎಂಬುದು ಬೆಳಿಗ್ಗೆಯೇ ಅವನಿಗೆ ಗೊತ್ತು. ಆದರೂ ಮಾತು ಕೊಡುವಾಗ ಆ ಹೊತ್ತನ್ನು ಅವನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಂಜೆ ಬಂದ ಗೃಹಿಣಿಯರು ಬರಿಗೈಯಲ್ಲಿ ಹಿಂದಿರುಗುತ್ತಾರೆ.

ಈ ಸಂಕಟವೇ ಕಾರ್ಖಾನೆಗಳಲ್ಲಿ ದೊಡ್ಡ ರೂಪ ತಾಳುತ್ತದೆ. ಯಾವ ಕೆಲಸ ಯಾವ ಯಂತ್ರದ ಮೇಲೆ, ಯಾವಾಗ ನಡೆಯಬೇಕೆಂಬುದನ್ನು ಇಂದು ಅನೇಕ ಕಡೆ ಕಂಪ್ಯೂಟರಿನ ತಂತ್ರಾಂಶವೇ ನಿರ್ಧರಿಸುತ್ತದೆ. ಅದು ಲೆಕ್ಕದಲ್ಲಿ ಮಹಾ ಜಾಣ. ಆದರೆ ಹೇಳದೆ ಇದ್ದುದನ್ನು ಅರಿಯದು. ದಿನಕ್ಕೆ 8 ಗಂಟೆ, ವಾರಕ್ಕೆ 6 ದಿನ ಎಂದರೆ 48 ಗಂಟೆ ಎಂದೇ ಅದರ ಎಣಿಕೆ. ಸವೆದ ಭಾಗಗಳನ್ನು ಬದಲಿಸಲು ವಾರಕ್ಕೆ 4 ಗಂಟೆ, ಹೊಸ ಕೆಲಸಕ್ಕೆ ಯಂತ್ರವನ್ನು ಅಣಿಗೊಳಿಸಲು ದಿನಕ್ಕೆ ಅರ್ಧ ಗಂಟೆ ಬೇಕಾದರೆ ಉಳಿಯುವುದು 41 ಮಾತ್ರ. ಶನಿವಾರ ಮುಗಿಯಬೇಕಾದುದು ಸೋಮವಾರ ಸಂಜೆಗೆ ಜಾರುತ್ತದೆ. ಅದಕ್ಕಾಗಿ ಕಾದಿರುವ ಮುಂದಿನ ಯಂತ್ರವೂ ಸುಮ್ಮನೆ ನಿಲ್ಲುತ್ತದೆ.

ಆದಕಾರಣ ಇಂಥ ತಂತ್ರಾಂಶದಲ್ಲಿ ಪ್ರತಿ ಯಂತ್ರಕ್ಕೂ ಒಂದು ಪಂಚಾಂಗವನ್ನು ಬರೆದಿಡುತ್ತಾರೆ. ರಾಹುಕಾಲವನ್ನು ಬಿಟ್ಟು ಮುಹೂರ್ತವಿಡುವಂತೆ, ಯಂತ್ರದ ಬಿಡುವನ್ನು ಬಿಟ್ಟು ಅದು ಕೆಲಸವನ್ನಿಡುತ್ತದೆ. ಕೆಲಸಗಳ ಸ್ವಭಾವವನ್ನೂ ಅದಕ್ಕೆ ತಿಳಿಸಬೇಕು. ರಂಧ್ರ ಕೊರೆಯುವ ಕೆಲಸವನ್ನು ನಡುವೆ ನಿಲ್ಲಿಸಿ ಮುಂದುವರಿಸಬಹುದು. ಕುಲುಮೆಯಲ್ಲಿ 6 ಗಂಟೆ ಕಾಯಬೇಕಾದ ಉಕ್ಕನ್ನು 4ನೆಯ ಗಂಟೆಗೆ ಹೊರತೆಗೆಯಲಾಗದು.

ಹೇಳದೆ ಕೇಳದೆ ಯಂತ್ರ ಕೆಟ್ಟರೆ? ನಿಂತ ಗಳಿಗೆಯನ್ನೂ ದುರಸ್ತಿ ಮುಗಿಯಬಹುದಾದ ವೇಳೆಯನ್ನೂ ಒಡನೆಯೇ ದಾಖಲಿಸಬೇಕು. ಆಗ ಸರದಿಯಲ್ಲಿರುವ ಕೆಲಸಗಳನ್ನು ಬೇರೆ ಯಂತ್ರಕ್ಕೋ ಬೇರೆ ದಿನಕ್ಕೋ ಸರಿಸಬಹುದು. ಬೇರೆ ಯಂತ್ರಗಳ ಮೇಲೆ ಆಗಲೇ ನಡೆದಿರುವುದನ್ನು ಕದಲಿಸಬೇಕಾಗಿಲ್ಲ.

ಕಂಪ್ಯೂಟರ್ ಹುಟ್ಟುವ ಮೊದಲೇ ಅಮೆರಿಕದ ಎಂಜಿನಿಯರ್ ಹೆನ್ರಿ ಗ್ಯಾಂಟ್ (1861–1919) ಇದರ ಮರ್ಮವನ್ನು ಅರಿತಿದ್ದರು. ಯಂತ್ರ ಎಷ್ಟು ಹೊತ್ತು ನಿಂತಿತೆಂಬುದನ್ನಷ್ಟೇ ಅಲ್ಲ, ಸಾಮಗ್ರಿ ಬಾರದೆಯೋ, ಕೆಲಸಗಾರರಿಲ್ಲದೆಯೋ, ದುರಸ್ತಿಗಾಗಿಯೋ ಎಂಬ ಕಾರಣವನ್ನೂ ಅವರ ಪಟಗಳು ತೋರಿಸುತ್ತಿದ್ದವು. ಕಾರಣ ತಿಳಿಯದೆ ಪರಿಹಾರವೆಲ್ಲಿ?

ಆದರೆ ಆ ಕಾರಣವನ್ನು ಬರೆಯುವವನು ಮನುಷ್ಯನೇ ತಾನೆ. ಮೇಲಿನವರ ಗದರಿಕೆಗೆ ಅಂಜಿ ಮೇಸ್ತ್ರಿಯು 3 ಗಂಟೆಯ ನಿಲುಗಡೆಯನ್ನು ಅರ್ಧ ಗಂಟೆಯೆಂದು ಬರೆದರೆ, ತಂತ್ರಾಂಶ ಅದನ್ನೇ ನಂಬುತ್ತದೆ. ಗಿರಾಕಿಗೆ ಸುಳ್ಳು ವಾಯಿದೆ ಹೋಗುತ್ತದೆ. ಕಡೆಗೆ ಆ ಸಾಲವನ್ನು ತೀರಿಸುವವನು ರಾತ್ರಿಯೆಲ್ಲ ನಿಂತು ದುಡಿಯುವ ಕೆಲಸಗಾರ. ಅವನ ಮನೆಯಲ್ಲಿ ಊಟದ ತಟ್ಟೆ ಮುಚ್ಚಿಟ್ಟೇ ಇರುತ್ತದೆ. ನಿಜ ಬರೆದವನನ್ನು ಗದರಿಸದಿರುವುದೇ ಇಲ್ಲಿ ಮೊದಲ ದುರಸ್ತಿ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದರು. ಅದಕ್ಕೆ ಮೊದಲು ಹಾಸಿಗೆಯ ಅಳತೆಯನ್ನು ಒಪ್ಪಿಕೊಳ್ಳಬೇಕು.