ಬೆಲ್ಲದ ಬಣ್ಣವೂ ಊರಿನ ಹೆಸರೂ

ಹೇಮಾವತಿಯ ದಡದ ಅಕ್ಕಿಹೆಬ್ಬಾಳಿನ ಸುತ್ತುಮುತ್ತಲ ಸೀಮೆಯಲ್ಲಿ ಕಬ್ಬು ಮಾಗಿ ಗಾಣಗಳು ತಿರುಗಲಾರಂಭಿಸಿದೊಡನೆಯೇ ಬೆಲ್ಲದ ಬಣ್ಣದ ಮಾತೂ ಹುಟ್ಟುತ್ತದೆ. ಬಿಳುಪಾದ ಅಚ್ಚಿಗೆ ಮಂಡಿಯಲ್ಲಿ ಬೆಲೆ ಹೆಚ್ಚು, ಕಂದು ಅಚ್ಚನ್ನು ಕೇಳುವವರು ಕಡಮೆ ಎಂಬ ನಂಬಿಕೆಯಿಂದ ಕೊಪ್ಪರಿಗೆಗೆ ಹೈಡ್ರೋಸ್ ಬೀಳುತ್ತದೆ. ಇದರಿಂದ ಲಾಭ ಯಾರಿಗೆ, ನಷ್ಟ ಯಾರಿಗೆ ಎಂಬುದನ್ನು ಗ್ರಾಮದ ಮುಖಂಡರೂ ಜಮೀನುದಾರರೂ ಈ ಹಂಗಾಮಿನಲ್ಲಾದರೂ ಲೆಕ್ಕಹಾಕಿ ನೋಡತಕ್ಕದ್ದು.

ಈ ವಿಷಯದಲ್ಲಿ ದೂರದ ನಿದರ್ಶನವೊಂದುಂಟು. ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ದ್ವೀಪದಲ್ಲಿ ಬೆಟ್ಟದ ತಪ್ಪಲಿನ ಒಕ್ಕಲಿಗರು ಮಾವ್ರೊ ಎಂಬ ಕಪ್ಪು ದ್ರಾಕ್ಷಿಯನ್ನೂ ಕ್ಸಿನಿಸ್ಟೇರಿ ಎಂಬ ಬಿಳಿಯ ದ್ರಾಕ್ಷಿಯನ್ನೂ ತಲೆತಲಾಂತರದಿಂದ ಬೆಳೆಯುತ್ತಾರೆ. ಎರಡೂ ಆ ನೆಲದವೇ. ಹಣ್ಣನ್ನು ಬಿಸಿಲಿನಲ್ಲಿ ಬಾಡಿಸಿ, ಹಿಂಡಿ, ಹುದುಗಿಸಿ ಮಾಡುವ ಸಿಹಿಯಾದ ದ್ರಾಕ್ಷಾಮದ್ಯಕ್ಕೆ ಕಮಾಂಡರಿಯ ಎಂದು ಹೆಸರು. ಇಪ್ಪತ್ತನೆಯ ಶತಮಾನದ ಬಹುಕಾಲ ಆ ದ್ವೀಪದ ಹಣ್ಣು ಪಟ್ಟಣದ ದೊಡ್ಡ ಕಾರ್ಖಾನೆಗಳಿಗೆ ತೂಕದ ಲೆಕ್ಕದಲ್ಲಿ ಹೋಗಿ, ಅಗ್ಗದ ಮಾಲಾಗಿ ಹೊರದೇಶಗಳಿಗೆ ಸಾಗುತ್ತಿತ್ತು. 1980ರ ದಶಕದಿಂದೀಚೆಗೆ ಹಳ್ಳಿಗಳಲ್ಲಿಯೇ ಸಣ್ಣ ಸಣ್ಣ ಮದ್ಯಶಾಲೆಗಳು ಎದ್ದವು. ಕಮಾಂಡರಿಯ ಎಂಬ ಹೆಸರನ್ನಂತೂ ಕೇವಲ 14 ಹಳ್ಳಿಗಳಿಗೆ ಮೀಸಲಿರಿಸಲಾಗಿದೆ. ಮದ್ಯದ ಗುಣದೋಷಗಳ ವಿಚಾರ ಇಲ್ಲಿ ಪ್ರಸ್ತುತವಲ್ಲ. ನಾಲೆಯ ಗದ್ದೆಗಳಲ್ಲಿ ದ್ರಾಕ್ಷಿಯನ್ನು ನೆಡಬೇಕೆಂಬ ಸಲಹೆಯೂ ಇದಲ್ಲ. ತೂಕಕ್ಕೆ ಮಾರುತ್ತಿದ್ದವನು ಹೆಸರಿನ ಮೇಲೆ ಮಾರುವವನಾದನು ಎಂಬಷ್ಟನ್ನು ಮಾತ್ರ ಗಮನಿಸಬೇಕು.

ಹೆಸರಿಗೆ ಬೇಕಾದ ಪೂರ್ವಚರಿತ್ರೆ ಈ ಸೀಮೆಗೆ ಕಡಮೆಯೇನೂ ಇಲ್ಲ. 1800ರಲ್ಲಿ ಬಂದ ಬುಕಾನನ್ ಸಾಹೇಬನು ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿಯಲ್ಲಿ ರಸ್ತಾಳಿ, ಪಟ್ಟಾಪಟ್ಟಿ ಎಂಬ ಕಬ್ಬುಗಳನ್ನು ಕಂಡು ಬರೆದಿಟ್ಟಿದ್ದಾನೆ. 1847ರಲ್ಲಿ ಅದೇ ಪಾಲಹಳ್ಳಿಯಲ್ಲಿ ಸ್ಥಾಪಿತವಾದ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆಯು ರೈತರ ಬೆಲ್ಲವನ್ನು ಶುದ್ಧಿಮಾಡಿ ಸಕ್ಕರೆ ತಯಾರಿಸುತ್ತಿತ್ತು. ಕನ್ನಂಬಾಡಿ ಕಟ್ಟೆಯ ನೀರು ಹರಿದು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಆರಂಭವಾದ ತರುವಾಯ ಕಬ್ಬೆಂದರೆ ಟನ್ನಿನ ಮಾತಾಯಿತು. ಹಳೆಯ ನಾಟಿ ಕಬ್ಬುಗಳನ್ನು ಮತ್ತೆ ಊರ ತುಂಬ ನೆಡಿಸುವುದು ಸಾಧುವಲ್ಲ. ಇಳುವರಿಯ ನಷ್ಟವನ್ನು ಯಾರೂ ತಾಳಲಾರರು. ಆದರೆ ಗಾಣಕ್ಕೆಂದು ಬೆಳೆಯುವ ಕಬ್ಬನ್ನು ಅದರ ರಸದ ಗುಣ ನೋಡಿ ಆರಿಸಬೇಕೇ ಹೊರತು ತೂಕವೊಂದನ್ನೇ ನೋಡಿ ಅಲ್ಲ.

ಬೆಲ್ಲದ ಬಣ್ಣವು ಹುಟ್ಟುವುದು ಹೊಲದಲ್ಲಿ. ಯೂರಿಯಾವನ್ನು ಅತಿಯಾಗಿಯೂ ತಡವಾಗಿಯೂ ಹಾಕಿದರೆ ಕಬ್ಬು ಹಸುರಾಗಿಯೇ ನಿಂತು, ರಸದಲ್ಲಿ ಸಕ್ಕರೆ ಕೂಡದೆ, ಬೆಲ್ಲ ಕಪ್ಪಾಗಿ ಮೆತ್ತಗಾಗುತ್ತದೆ. ಚೌಳು ಭೂಮಿಯ ಕಬ್ಬಿನ ಬೆಲ್ಲಕ್ಕೆ ಉಪ್ಪಿನ ರುಚಿ. ಅದು ಮಳೆಗಾಲದಲ್ಲಿ ನೀರೊಡೆಯುತ್ತದೆ. ಕಡಿದ ಕಬ್ಬನ್ನು ಎರಡು ಮೂರು ದಿನ ಗಾಣದ ಮುಂದೆ ಒಣಗಹಾಕುವುದು ಬಹು ಕಡೆಗಳಲ್ಲಿ ಕಾಣುವ ತಪ್ಪು. ಕಡಿದ ದಿನವೇ ಅರೆದು, ರಸವನ್ನು ಸೋಸಿ, ಸುಣ್ಣದ ತಿಳಿಯನ್ನು ಮಿತವಾಗಿ ಬಳಸಿ, ಬೆಂಡೆಯ ಗಿಡವನ್ನು ಜಜ್ಜಿ ತೆಗೆದ ಲೋಳೆಯನ್ನು ಬಿಟ್ಟರೆ ಕಶ್ಮಲವೆಲ್ಲ ನೊರೆಯಾಗಿ ಮೇಲಕ್ಕೇಳುತ್ತದೆ. ಕುದಿ ಜೋರಾಗುವುದಕ್ಕೆ ಮುಂಚೆಯೇ ಅದನ್ನು ತೆಗೆಯಬೇಕು. ಅನಂತರ ತೆಗೆಯಹೋದರೆ ರಸದಲ್ಲಿಯೇ ಕಲೆತುಹೋಗುತ್ತದೆ. ಹೀಗೆ ಮಾಡಿದ ಬೆಲ್ಲವು ಹೊನ್ನಿನ ಬಣ್ಣಕ್ಕೆ ಬರುತ್ತದೆ. ಹಾಲಿನ ಬಣ್ಣಕ್ಕೆ ಎಂದಿಗೂ ಬಾರದು. ಹೈಡ್ರೋಸಿನ ಬಿಳುಪಾದರೋ ಕೆಲವು ತಿಂಗಳು ಇಟ್ಟರೆ ತಾನೇ ಮಾಸಿ ಕಪ್ಪಾಗುತ್ತದೆ. ಅದರ ಗಂಧಕದ ಅಂಶ ಮಾತ್ರ ತಿನ್ನುವವನ ಪಾಲಿಗೆ ಉಳಿಯುತ್ತದೆ. ಮಾರಿದವನು ಮಂಡಿಯಲ್ಲಿ ಒಂದು ದಿನ ಗೆಲ್ಲುತ್ತಾನೆ, ಮಂಡ್ಯದ ಬೆಲ್ಲವೆಂಬ ಹೆಸರು ವರ್ಷವಿಡೀ ಸೋಲುತ್ತದೆ. ಒಲೆಗೆ ಸಿಪ್ಪೆ ಸಾಲದೆಂದು ಹಳೆಯ ಟೈರುಗಳನ್ನು ತುರುಕುವ ಆಲೆಮನೆಗಳ ವಿಚಾರ ಹೇಳದಿರುವುದೇ ಲೇಸು.

ಶುದ್ಧ ಬೆಲ್ಲ ಮಾಡಿದರೆ ಕೊಳ್ಳುವವರಾರು ಎಂಬ ಆಕ್ಷೇಪಣೆ ಸುಳ್ಳಲ್ಲ. ಒಬ್ಬನೇ ರೈತನು ಮಾಡಿದ ಒಳ್ಳೆಯ ಬೆಲ್ಲವು ಮಂಡಿಯಲ್ಲಿ ಇತರರ ಬೆಲ್ಲದೊಡನೆ ಬೆರೆತು ಗುರುತಿಲ್ಲದಂತಾಗುತ್ತದೆ. ನೂರು ಕಿಲೋ ಕಬ್ಬಿಗೆ ಹತ್ತು ಹನ್ನೆರಡು ಕಿಲೋ ಬೆಲ್ಲ ಕಾಣುವ ಸಣ್ಣ ಹಿಡುವಳಿದಾರನಿಗೆ ಬೆಲೆಗಾಗಿ ಕಾಯುವ ಶಕ್ತಿಯೂ ಇಲ್ಲ, ಅವನು ಸಾಲಿಗನಿಗೆ ಉತ್ತರ ಹೇಳಬೇಕು. ಆದಕಾರಣವೇ ಈ ಕಾರ್ಯ ಮುಖಂಡರ ಮೇಲೆ ಬೀಳುತ್ತದೆ. ಕೊಲ್ಲಾಪುರದ ಬೆಲ್ಲಕ್ಕೂ, 2019ರಲ್ಲಿ ಕೇರಳದ ಮರಯೂರಿನ ಬೆಲ್ಲಕ್ಕೂ ಭೌಗೋಳಿಕ ಗುರುತು ದೊರಕಿತು. 2020ರಲ್ಲಿ ಆರಂಭವಾದ ಸಣ್ಣ ಆಹಾರೋದ್ಯಮಗಳ ಕೇಂದ್ರ ಯೋಜನೆಯಲ್ಲಿ ಮಂಡ್ಯ ಜಿಲ್ಲೆಗೆ ಗೊತ್ತುಮಾಡಿದ ಪದಾರ್ಥವೂ ಬೆಲ್ಲವೇ. ಮರಯೂರಿನದು ಬಿಳಿಯ ಬೆಲ್ಲವಲ್ಲ, ಕಡುಕಂದು. ಆದರೂ ಅದನ್ನು ಹೆಸರು ಹಿಡಿದು ಕೇಳುವವರಿದ್ದಾರೆ.

ಮೊದಲ ವರ್ಷಕ್ಕೆ ಊರಿಗೊಂದು ಆಲೆಮನೆ ಸಾಕು. ನಾಲ್ಕಾರು ಜಮೀನುದಾರರು ಕೂಡಿ ತಮ್ಮ ಕಬ್ಬಿನಲ್ಲಿ ಒಂದು ಭಾಗವನ್ನು ಅಲ್ಲಿಗೆ ಬಿಟ್ಟು, ಹೈಡ್ರೋಸಿನ ಡಬ್ಬಿಯನ್ನು ಹೊರಗಿರಿಸಿ, ಗಂಧಕದ ಪರೀಕ್ಷೆಗೆ ಒಂದು ಅಚ್ಚನ್ನು ಕಳುಹಿಸಿ, ಉಳಿದುದರ ಮೇಲೆ ಊರಿನ ಹೆಸರನ್ನೂ ಪಾಕ ಇಳಿಸಿದ ತಾರೀಖನ್ನೂ ಅಚ್ಚೊತ್ತಿ ಬೇರೆಯಾಗಿಯೇ ಮಾರಲಿ. ಸಣ್ಣ ಹಿಡುವಳಿದಾರನ ಬೆಲ್ಲ ಮಾರಾಟವಾಗುವವರೆಗೆ ಅವನಿಗೆ ಮುಂಗಡ ಕೊಡುವ ಏರ್ಪಾಟನ್ನು ಗಾಣ ಹೂಡುವುದಕ್ಕೆ ಮುಂಚೆಯೇ ಗೊತ್ತುಮಾಡಿಕೊಳ್ಳಬೇಕು.